ಹಿಮದ ಬೆಟ್ಟದಲ್ಲಿ ಹೊತ್ತು ಮೀರುವ ಮುನ್ನ

ಡಿಸೆಂಬರ್ ಕೊನೆಯ ವಾರ ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ ಬೆಳಕು ಹರಿಯುವುದು ಒಂಬತ್ತು ಗಂಟೆಯ ಸುಮಾರಿಗೆ. ಮಧ್ಯಾಹ್ನ ಮೂರೂ ಮುಕ್ಕಾಲಿನ ವೇಳೆಗೆ ಸೂರ್ಯ ಮುಳುಗಿರುತ್ತಾನೆ. ಹಗಲಿಗೆ ಏಳು ಗಂಟೆಯೂ ಪೂರ್ತಿ ಸಿಗದ ಈ ದಿನಗಳಲ್ಲೇ ಬ್ರಿಟನ್ನಿನ ನಾನಾ ಕಡೆಗಳಿಂದ ಪರ್ವತಾರೋಹಿಗಳು ಅಲ್ಲಿಗೆ ಬರುತ್ತಾರೆ. ಹಿಮಗಟ್ಟಿದ ಕೊರಕಲುಗಳನ್ನು ಹತ್ತುವುದು ಅಲ್ಲಿನ ಚಳಿಗಾಲದ ದೊಡ್ಡ ಆಕರ್ಷಣೆ. ಬಂದವರಲ್ಲಿ ಬಹುಪಾಲು ಜನ ಕತ್ತಲಾಗುವುದರೊಳಗೆ ಇಳಿದುಬಿಡುತ್ತಾರೆ. ಒಮ್ಮೊಮ್ಮೆ ಯಾರೋ ಒಬ್ಬರು ಇಳಿಯುವುದಿಲ್ಲ. ಕೆಳಗೆ ಕಾಯುತ್ತಿದ್ದವರು ಗಡಿಯಾರ ನೋಡಿ ನೋಡಿ, ಕೊನೆಗೆ 999ಕ್ಕೆ ಫೋನ್ ಮಾಡುತ್ತಾರೆ.

ಕರೆ ಪೊಲೀಸರಿಗೆ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ನೆಲದ ಮೇಲೆ ಕಾಣೆಯಾದವರನ್ನು ಹುಡುಕಿಸುವ ಹೊಣೆ ಪೊಲೀಸರದು. ಆದರೆ ರಾತ್ರಿಯಲ್ಲಿ ಬೆಟ್ಟ ಹತ್ತಲು ಪೊಲೀಸರು ಕರೆಯುವುದು ಆ ಊರಿನ ಬಡಗಿಯನ್ನು, ಶಾಲೆಯ ಮೇಷ್ಟರನ್ನು, ಅಂಗಡಿಯವರನ್ನು, ಆಸ್ಪತ್ರೆಯ ವೈದ್ಯರನ್ನು. ಇವರೆಲ್ಲ ಪರ್ವತ ರಕ್ಷಣಾ ತಂಡದ ಸ್ವಯಂಸೇವಕರು. ಊಟ ಅರ್ಧಕ್ಕೆ ಬಿಟ್ಟು, ಬೂಟು ಹಾಕಿಕೊಂಡು ಹೊರಡುವ ಇವರಿಗೆ ಸಂಬಳವಿಲ್ಲ, ದಿನಭತ್ಯೆಯಿಲ್ಲ. ಬದುಕಿ ಬಂದವನಿಗೆ ಬಿಲ್ ಕೂಡ ಇಲ್ಲ.

ಈ ಕೊನೆಯ ಮಾತು ಅನೇಕರಿಗೆ ಸೋಜಿಗವೆನಿಸುತ್ತದೆ. ಮೋಜಿಗಾಗಿ ಬೆಟ್ಟ ಹತ್ತಿ ಸಿಕ್ಕಿಬಿದ್ದವರನ್ನು ಉಚಿತವಾಗಿ ಕರೆತಂದರೆ ಬೇಜವಾಬ್ದಾರಿಗೆ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ದಾನಧರ್ಮದ ಮಾತಿನಲ್ಲಿಲ್ಲ. ಅದು ಇರುವುದು ಗಡಿಯಾರದ ಮುಳ್ಳಿನಲ್ಲಿ.

ಕುಳ್ಳು ಬೆಟ್ಟ, ಕೆಟ್ಟ ಹವೆ

ಬ್ರಿಟನ್ನಿನ ಅತಿ ಎತ್ತರದ ಶಿಖರ ಬೆನ್ ನೆವಿಸ್. ಎತ್ತರ 1345 ಮೀಟರ್ ಮಾತ್ರ. ಹಿಮಾಲಯವನ್ನು ಕಂಡವರಿಗೆ ಇದೊಂದು ಗುಡ್ಡ. ಆದರೆ ಸ್ಕಾಟ್ಲೆಂಡಿನ ಬೆಟ್ಟಗಳನ್ನು ಎತ್ತರದಿಂದ ಅಳೆಯುವಂತಿಲ್ಲ. ಉತ್ತರಕ್ಕೆ ಬಹಳ ದೂರ, 57ನೇ ಅಕ್ಷಾಂಶದ ಆಸುಪಾಸಿನಲ್ಲಿರುವ ಇವು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ನೇರವಾಗಿ ಎದೆಯೊಡ್ಡಿ ನಿಂತಿವೆ. 1986ರ ಮಾರ್ಚ್ 20ರಂದು ಕೇರ್ನ್‌ಗಾರ್ಮ್ ಶಿಖರದ ಹವಾಮಾನ ಯಂತ್ರ ದಾಖಲಿಸಿದ ಗಾಳಿಯ ವೇಗ ಗಂಟೆಗೆ 173 ಮೈಲಿ, ಎಂದರೆ ಸುಮಾರು 278 ಕಿಲೋಮೀಟರ್.

ಇಂಥ ಗಾಳಿ ಚಳಿಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಬಿದ್ದ ಹಿಮವನ್ನು ಎತ್ತಿ ಮತ್ತೆ ತೂರುತ್ತದೆ. ಮೇಲೆ ಮೋಡ, ಕೆಳಗೆ ಹಿಮ, ನಡುವೆ ತೂರುವ ಹಿಮದ ಪುಡಿ. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ತೊಡಗಿತು ಎಂಬುದೇ ತಿಳಿಯುವುದಿಲ್ಲ. ಪ್ರಪಾತದ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಾಚು ಗಟ್ಟಿ ನೆಲದಂತೆಯೇ ಕಾಣುತ್ತದೆ. ಅದರ ಮೇಲೆ ಕಾಲಿಟ್ಟವರು ಚಾಚಿನ ಸಮೇತ ಕೆಳಗೆ ಹೋಗುತ್ತಾರೆ.

ಬೆನ್ ನೆವಿಸ್ ಶಿಖರದಿಂದ ಇಳಿಯುವ ದಾರಿ ಇದಕ್ಕೆ ಒಳ್ಳೆಯ ಉದಾಹರಣೆ. ಕಣ್ಣು ಕಾಣದ ಹವೆಯಲ್ಲಿ ಇಳಿಯುವವರು ತುದಿಯಲ್ಲಿರುವ ಕಂಬದಿಂದ ನಕ್ಷೆಯ ಲೆಕ್ಕದಲ್ಲಿ 231 ಡಿಗ್ರಿ ದಿಕ್ಕಿಗೆ 150 ಮೀಟರ್ ನಡೆದು, ಅಲ್ಲಿಂದ 282 ಡಿಗ್ರಿಗೆ ತಿರುಗಬೇಕು. ಬಲಕ್ಕೆ ಸರಿದರೆ ಗಾರ್ಡಿಲೂ ಎಂಬ ಕೊರಕಲಿನ ಬಾಯಿ. ಅದಕ್ಕೆ ಹೆದರಿ ಎಡಕ್ಕೆ ಹೆಚ್ಚು ಸರಿದರೆ ಐದು ಬೆರಳಿನ ಕೊರಕಲು. ಎರಡೂ ಜೀವಗಳನ್ನು ನುಂಗಿವೆ. ಆ ಊರಿನ ರಕ್ಷಣಾ ತಂಡಕ್ಕೆ ಈ ಅಂಕಿಗಳು ಮಗ್ಗಿಯಷ್ಟೇ ಪರಿಚಿತ. ಹೊರಗಿನಿಂದ ಬಂದವನ ಕೈ ಚಳಿಗೆ ಮರಗಟ್ಟಿದಾಗ ದಿಕ್ಸೂಚಿ ನೋಡಲೇ ಆಗದಿರಬಹುದು.

ಇಳಿಯುತ್ತ ಹೋಗುವ ಮೈಕಾವು

ಬೆಟ್ಟದಲ್ಲಿ ಸಿಕ್ಕಿಕೊಂಡವನನ್ನು ಕೊಲ್ಲುವುದು ಬಿದ್ದ ಪೆಟ್ಟು ಮಾತ್ರವಲ್ಲ. ಕಾಲು ಮುರಿದು ಕುಳಿತವನನ್ನು ಚಳಿಯೂ ಕೊಲ್ಲುತ್ತದೆ. ಮನುಷ್ಯನ ಒಳಮೈಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಆರಂಭವಾಯಿತೆಂದೇ ಲೆಕ್ಕ. ಮೊದಲು ಮೈ ಗಡಗಡ ನಡುಗುತ್ತದೆ. ನಡುಕವೆಂದರೆ ದೇಹ ತನ್ನನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಪಡುವ ಪಾಡು. ಉಷ್ಣತೆ 32ರ ಸುಮಾರಿಗೆ ಇಳಿದಾಗ ನಡುಕ ನಿಂತುಹೋಗುತ್ತದೆ. ನೋಡುವವರಿಗೆ ಅದು ಸುಧಾರಣೆಯಂತೆ ಕಂಡರೂ ನಿಜದಲ್ಲಿ ದೇಹ ಸೋತಿದೆ ಎಂಬುದರ ಗುರುತು. ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಕೆಲವರು ಸೆಖೆಯೆಂದು ಭ್ರಮಿಸಿ ಮೈಮೇಲಿನ ಬಟ್ಟೆಯನ್ನೇ ಕಳಚಿ ಎಸೆಯುತ್ತಾರೆ.

ಈ ಸ್ಥಿತಿಯಲ್ಲಿರುವವರನ್ನು ಒರಟಾಗಿ ಎತ್ತಿ ಕುಲುಕಿದರೆ ಹೃದಯದ ಬಡಿತವೇ ತಪ್ಪಿ ಪ್ರಾಣ ಹೋಗಬಹುದು. ಆದ್ದರಿಂದಲೇ ರಕ್ಷಣಾ ತಂಡದವರಿಗೆ ಮೊದಲು ಕಲಿಸುವ ಪಾಠ ಮೆಲ್ಲಗೆ ಮುಟ್ಟುವುದು. ಗಾಳಿ ತಾಗದಂತೆ ಸುತ್ತಲೂ ಮರೆ ಕಟ್ಟಿ, ಮಲಗಿಸಿದಂತೆಯೇ ಇಟ್ಟು, ದಪ್ಪನೆಯ ಚೀಲದೊಳಗೆ ಸೇರಿಸಿ, ಎದೆಯ ಸುತ್ತ ಬಿಸಿ ಪೊಟ್ಟಣಗಳನ್ನಿಟ್ಟು ನಿಧಾನವಾಗಿ ಸಾಗಿಸುತ್ತಾರೆ.

ಆಸೆ ಬಿಡಬಾರದು ಎಂಬುದು ಎರಡನೆಯ ಪಾಠ. 1999ರಲ್ಲಿ ನಾರ್ವೆಯಲ್ಲಿ ಸ್ಕೀಯಿಂಗ್ ಮಾಡುತ್ತಿದ್ದ ಯುವತಿಯೊಬ್ಬರು ಹೆಪ್ಪುಗಟ್ಟಿದ ತೊರೆಯ ಮಂಜುಗಡ್ಡೆಯಡಿ ಸಿಕ್ಕಿ 80 ನಿಮಿಷ ಒಳಗೇ ಉಳಿದಿದ್ದರು. ಆಸ್ಪತ್ರೆ ತಲುಪಿದಾಗ ಅವರ ದೇಹದ ಉಷ್ಣತೆ 13.7 ಡಿಗ್ರಿ, ಹೃದಯ ನಿಂತಿತ್ತು. ವೈದ್ಯರು ಗಂಟೆಗಟ್ಟಲೆ ಹೋರಾಡಿದರು, ಆಕೆ ಬದುಕಿದರು. ಮೈ ಬೆಚ್ಚಗಾದ ಮೇಲೂ ಜೀವದ ಸುಳಿವಿಲ್ಲದಿದ್ದರೆ ಮಾತ್ರ ಸತ್ತನೆನ್ನಬೇಕು ಎಂಬುದು ಈ ಕ್ಷೇತ್ರದಲ್ಲಿ ಗಾದೆಯಂತಾಗಿರುವ ಮಾತು. ಬೆಟ್ಟದಿಂದ ತಣ್ಣಗಾದ ದೇಹವನ್ನು ಹೊತ್ತು ತರುವವರು ಅದನ್ನು ಹೆಣವೆಂದು ಭಾವಿಸದೆ ಓಡಾಡುವುದಕ್ಕೆ ಇದೇ ಕಾರಣ.

1971ರ ಎರಡು ರಾತ್ರಿಗಳು

ಹೊತ್ತು ಮೀರಿದರೆ ಏನಾಗುತ್ತದೆಂಬುದನ್ನು ಬ್ರಿಟನ್ನಿಗೆ ಮನದಟ್ಟು ಮಾಡಿಸಿದ್ದು ಕೇರ್ನ್‌ಗಾರ್ಮ್ ದುರಂತ. 1971ರ ನವೆಂಬರ್‌ನಲ್ಲಿ ಎಡಿನ್‌ಬರಾದ ಶಾಲೆಯೊಂದರ ಹದಿಹರೆಯದ ಮಕ್ಕಳು ಎರಡು ಗುಂಪುಗಳಾಗಿ ಅಲ್ಲಿನ ಪ್ರಸ್ಥಭೂಮಿಯನ್ನು ದಾಟಲು ಹೊರಟಿದ್ದರು. ಹವೆ ಕೆಟ್ಟಿತು. ಮುಂದಿದ್ದ ಗುಂಪು ಹೇಗೋ ಹಿಮದ ನಡುವಿನ ಸಣ್ಣ ಆಶ್ರಯ ಗುಡಿಸಲನ್ನು ಸೇರಿ ರಾತ್ರಿ ಕಳೆಯಿತು. ಹಿಂದೆ ಬರುತ್ತಿದ್ದ ಗುಂಪಿಗೆ ಆ ಗುಡಿಸಲು ದಕ್ಕಲಿಲ್ಲ. ಆರು ಮಕ್ಕಳು, ಇಪ್ಪತ್ತು ವರ್ಷದ ನಾಯಕಿ, ಹದಿನೆಂಟರ ಸಹಾಯಕಿ, ಬಯಲಿನಲ್ಲಿ ಬಿರುಗಾಳಿಗೆ ಸಿಕ್ಕಿ ಎರಡು ರಾತ್ರಿ ಕಳೆದರು.

ಹುಡುಕಲು ಹೊರಟವರನ್ನೂ ಬಿರುಗಾಳಿ ಕಾಡಿತು. ಸಹಾಯ ತರಲೆಂದು ಹೊರಟು, ನಡೆಯಲಾರದೆ ಹಿಮದಲ್ಲಿ ತೆವಳುತ್ತಿದ್ದ ನಾಯಕಿ ಹೆಲಿಕಾಪ್ಟರಿನವರ ಕಣ್ಣಿಗೆ ಬಿದ್ದದ್ದು ನವೆಂಬರ್ 22ರಂದು. ಉಳಿದವರ ಬಳಿ ತಲುಪುವಷ್ಟರಲ್ಲಿ ಐವರು ಮಕ್ಕಳು ಮತ್ತು ಸಹಾಯಕಿ ತೀರಿಕೊಂಡಿದ್ದರು. ಬದುಕಿದ್ದವನು ಒಬ್ಬ ಹುಡುಗ ಮಾತ್ರ.

ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರಿಗೆ ಇರಬೇಕಾದ ಅರ್ಹತೆಯ ಬಗ್ಗೆ ಅನಂತರ ದೇಶದಾದ್ಯಂತ ಚರ್ಚೆ ನಡೆಯಿತು. ಪ್ರಸ್ಥಭೂಮಿಯ ಮೇಲಿದ್ದ ಆಶ್ರಯ ಗುಡಿಸಲುಗಳ ಮೇಲೂ ವಾದ ಎದ್ದಿತು. ಹಿಮದಲ್ಲಿ ಹೂತು ಕಾಣದಾಗುವ ಗುಡಿಸಲು ಇದ್ದರೆಷ್ಟು? ಅಲ್ಲೊಂದು ಸೂರಿದೆ ಎಂಬ ಭರವಸೆಯೇ ಜನರನ್ನು ಹಿಂತಿರುಗಲು ಬಿಡದೆ ಮುಂದಕ್ಕೆಳೆಯುತ್ತದೆ ಎಂದು ಅನೇಕರು ಹೇಳಿದರು. ಕೊನೆಗೆ ಅವನ್ನು ಕಿತ್ತುಹಾಕಲಾಯಿತು. ಬೆಟ್ಟದಲ್ಲಿ ಉಪಕಾರವೇ ಅಪಾಯವಾಗಬಹುದೆಂದು ತೋರಿಸಿದ ಘಟನೆ ಇದು.

ಹುಡುಕುವುದಕ್ಕೂ ಶಾಸ್ತ್ರವಿದೆ

ಕರೆ ಬಂದೊಡನೆ ಟಾರ್ಚ್ ಹಿಡಿದು ಬೆಟ್ಟಕ್ಕೆ ನುಗ್ಗುವುದಲ್ಲ ರಕ್ಷಣಾ ಕಾರ್ಯ. ಮೊದಲ ಹುಡುಕಾಟ ನಡೆಯುವುದು ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ. ಕಾಣೆಯಾದವನು ಯಾವ ದಾರಿ ಹಿಡಿಯುವೆನೆಂದು ಹೇಳಿದ್ದ? ಕಾರು ಎಲ್ಲಿ ನಿಂತಿದೆ? ಕೊನೆಗೆ ಕಂಡವರು ಯಾರು, ಎಲ್ಲಿ, ಎಷ್ಟು ಗಂಟೆಗೆ? ಅನುಭವಿಯೋ ಹೊಸಬನೋ? ಈ ಉತ್ತರಗಳಿಂದ ಕೊನೆಯ ಖಚಿತ ನೆಲೆಯನ್ನು ಗುರುತಿಸಿ, ಸುತ್ತಲಿನ ಪ್ರದೇಶವನ್ನು ತುಂಡುಗಳಾಗಿ ವಿಂಗಡಿಸುತ್ತಾರೆ. ಪ್ರತಿ ತುಂಡಿನಲ್ಲೂ ಆತ ಇರುವ ಸಂಭವವೆಷ್ಟೆಂದು ಅಂದಾಜು ಮಾಡುತ್ತಾರೆ. ದಿಕ್ಕು ತಪ್ಪಿದವರು ಸಾಮಾನ್ಯವಾಗಿ ಗಾಳಿಗೆ ಬೆನ್ನು ಕೊಟ್ಟು, ಇಳಿಜಾರು ಹಿಡಿದು ನಡೆಯುತ್ತಾರೆ. ಆದ್ದರಿಂದ ಅಂದು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದೂ ಒಂದು ಸಾಕ್ಷಿ.

ಅನಂತರ ಇಬ್ಬರು ಮೂವರ ಚುರುಕಾದ ಗುಂಪುಗಳು ಸಂಭವ ಹೆಚ್ಚಿರುವ ದಾರಿಗಳಲ್ಲಿ, ಕೊರಕಲುಗಳ ಬುಡದಲ್ಲಿ ಓಡುನಡಿಗೆಯಲ್ಲಿ ನೋಡಿ ಬರುತ್ತವೆ. ಸಿಗದಿದ್ದರೆ ಸಾಲಾಗಿ ನಿಂತು ಬಾಚುವ ಕೆಲಸ. ಈಚಿನ ವರ್ಷಗಳಲ್ಲಿ ಮೊಬೈಲ್ ಫೋನ್ ಇದನ್ನು ಬಹಳ ಸುಲಭ ಮಾಡಿದೆ. ತಂಡದವರು ಕಳಿಸಿದ ಸಂದೇಶದ ಕೊಂಡಿಯನ್ನು ಒತ್ತಿದರೆ ಸಾಕು, ಫೋನ್ ಇರುವ ಜಾಗ ನಕ್ಷೆಯಲ್ಲಿ ಮೂಡುತ್ತದೆ. ಆದರೆ ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಎಷ್ಟೋ ಕಣಿವೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಹೆಲಿಕಾಪ್ಟರ್ ಕೂಡ ಅಷ್ಟೆ. 2015ರವರೆಗೆ ವಾಯುಪಡೆಯ ಹಳದಿ ಹೆಲಿಕಾಪ್ಟರುಗಳು ಮಾಡುತ್ತಿದ್ದ ಕೆಲಸವನ್ನು ಆ ವರ್ಷ ಕರಾವಳಿ ಕಾವಲು ಪಡೆ ವಹಿಸಿಕೊಂಡಿತು. ಯಂತ್ರ ಯಾರದಾದರೂ ದಟ್ಟ ಮೋಡದಲ್ಲಿ, ರೆಕ್ಕೆಗೆ ಮಂಜುಗಡ್ಡೆ ಕಟ್ಟುವ ಹವೆಯಲ್ಲಿ ಅದು ಮೇಲೇರಲಾರದು. ಅಂಥ ರಾತ್ರಿ ಕಾಲುನಡಿಗೆಯೇ ಗತಿ. ಬೂಟಿಗೆ ಕ್ರ್ಯಾಂಪಾನ್ ಎಂಬ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಂಡು, ಕೈಯಲ್ಲಿ ಹಿಮಗೊಡಲಿ ಹಿಡಿದು, ಸ್ಟ್ರೆಚರನ್ನು ಬಿಡಿ ಭಾಗಗಳಾಗಿ ಬೆನ್ನ ಮೇಲೆ ಹೊತ್ತು ಹತ್ತುತ್ತಾರೆ. ಇಳಿಸುವಾಗ ಮೇಲಿನಿಂದ ಹಗ್ಗ ಬಿಡುತ್ತ, ಎರಡೂ ಬದಿಯಲ್ಲಿ ಹಿಡಿದು, ದಣಿದವರು ಸರದಿ ಬದಲಿಸುತ್ತ ತರಬೇಕು. ಒಬ್ಬ ಗಾಯಾಳುವಿಗೆ ಇಪ್ಪತ್ತು ಜನ ಬೇಕಾಗುವುದು ಹೀಗೆ.

ನಾಯಿಯ ಮೂಗು, ಹದಿನೈದು ನಿಮಿಷ

ಹಿಮಕುಸಿತದಲ್ಲಿ ಹೂತವರ ವಿಷಯದಲ್ಲಿ ಲೆಕ್ಕ ಇನ್ನೂ ಕಠೋರ. ಸ್ವಿಟ್ಜರ್ಲೆಂಡಿನ ಅಪಘಾತಗಳ ದಾಖಲೆ ಆಧರಿಸಿ 1994ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಮೂವತ್ತೈದು ನಿಮಿಷವಾದರೆ ಬದುಕುವವರು ಹತ್ತರಲ್ಲಿ ಮೂವರು. ಹಿಮ ಮೂಗು ಬಾಯಿ ಮುಚ್ಚಿ ಉಸಿರು ಕಟ್ಟುವುದೇ ಇದಕ್ಕೆ ಕಾರಣ. ಊರಿನಿಂದ ಹೊರಟ ತಂಡ ಹದಿನೈದು ನಿಮಿಷದಲ್ಲಿ ತಲುಪುವುದು ಅಪರೂಪ. ಹಾಗಾಗಿ ಚಳಿಗಾಲದ ಬೆಟ್ಟಕ್ಕೆ ಹೋಗುವವರು ಸಂಕೇತ ಸೂಸುವ ಪುಟ್ಟ ಯಂತ್ರ, ಮಡಚುವ ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಸಲಾಕೆ ಇಟ್ಟುಕೊಂಡು ಜೊತೆಗಾರರನ್ನು ತಾವೇ ಅಗೆದು ತೆಗೆಯಲು ಕಲಿತಿರಬೇಕೆಂದು ತಂಡದವರೇ ಹೇಳುತ್ತಾರೆ.

ಯಂತ್ರವಿಲ್ಲದೆ ಹೂತವರಿಗೆ ನಾಯಿಯೇ ದಿಕ್ಕು. ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದ ನಾಯಿಗಳ ಕಥೆ ಲೋಕಪ್ರಸಿದ್ಧ. ಸ್ಕಾಟ್ಲೆಂಡಿಗೆ ಈ ವಿದ್ಯೆ ತಂದವರು ಹ್ಯಾಮಿಶ್ ಮ್ಯಾಕಿನಸ್. ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತದ ನಾಯಿಗಳ ತರಬೇತಿ ಕಂಡು ಬಂದ ಅವರು 1965ರಲ್ಲಿ ಶೋಧಕ ನಾಯಿಗಳ ಸಂಘವನ್ನು ಆರಂಭಿಸಿದರು. ಹಿಮದ ಕಣಗಳ ಸಂದಿನಿಂದ ಮೇಲೇರುವ ಮನುಷ್ಯನ ವಾಸನೆಯನ್ನು ನಾಯಿ ಗಾಳಿಯಲ್ಲೇ ಹಿಡಿಯುತ್ತದೆ. ಜನ ಹೆಗಲಿಗೆ ಹೆಗಲು ತಾಗಿಸಿ ನಿಂತು, ಅರ್ಧ ಮೀಟರಿಗೊಮ್ಮೆ ಸಲಾಕೆ ಚುಚ್ಚುತ್ತ ಗಂಟೆಗಟ್ಟಲೆ ಹುಡುಕುವ ಜಾಗವನ್ನು ಒಳ್ಳೆಯ ನಾಯಿ ಸ್ವಲ್ಪ ಹೊತ್ತಿನಲ್ಲೇ ಮೂಸಿ ಮುಗಿಸುತ್ತದೆ. ಈ ನಾಯಿಗಳೂ ಸ್ವಯಂಸೇವಕರ ಮನೆಯ ಸಾಕುನಾಯಿಗಳೇ.

ಒಂದು ಕಾಲು, ಹತ್ತು ಪೌಂಡ್ ದಂಡ

ಬ್ರಿಟನ್ನಿನಲ್ಲಿ ಈ ಸೇವೆ ಸರ್ಕಾರದ ಆಜ್ಞೆಯಿಂದ ಹುಟ್ಟಿದ್ದಲ್ಲ. ಮೊದಲು ಬೆಟ್ಟದಲ್ಲಿ ಯಾರಾದರೂ ಬಿದ್ದರೆ ಕುರಿಗಾಹಿಗಳು, ಅರಣ್ಯ ಕಾವಲುಗಾರರು, ಅಲ್ಲೇ ಇದ್ದ ಇತರ ಆರೋಹಿಗಳು ಹೊತ್ತು ತರುತ್ತಿದ್ದರು. 1928ರಲ್ಲಿ ಇಂಗ್ಲೆಂಡಿನ ಲ್ಯಾಡೋ ಬಂಡೆಗಳಲ್ಲಿ ಗಾಯಗೊಂಡ ಒಬ್ಬನನ್ನು ದಾರಿಯ ಸೂಚನಾ ಹಲಗೆಯನ್ನೇ ಸ್ಟ್ರೆಚರ್ ಮಾಡಿಕೊಂಡು ಗಂಟೆಗಟ್ಟಲೆ ಹೊರಬೇಕಾಯಿತು. ನೋವು ನಿವಾರಕ ಇರಲಿಲ್ಲ. ಕೊನೆಗೆ ಅವನ ಕಾಲು ಕತ್ತರಿಸಬೇಕಾಯಿತು. ನೋವಿನ ಆಘಾತವೇ ಕಾಲನ್ನು ಕಳೆಯಿತೆಂದು ನಂಬಿದ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ವಿಲ್ಸನ್ ಹೇ, ಬೆಟ್ಟದ ರಕ್ಷಣಾ ಠಾಣೆಗಳಲ್ಲಿ ಮಾರ್ಫಿನ್ ಇಡಲು ಅನುಮತಿ ಬೇಕೆಂದು ವರ್ಷಗಳ ಕಾಲ ಹಟ ಹಿಡಿದರು. ಅನುಮತಿ ಸಿಗದಿದ್ದಾಗ ತಾವೇ ಕೊಡತೊಡಗಿದರು. 1949ರಲ್ಲಿ ನ್ಯಾಯಾಲಯ ಅವರಿಗೆ ಹತ್ತು ಪೌಂಡ್ ದಂಡ ಹಾಕಿತು. ಆದರೆ ಆ ಮೊಕದ್ದಮೆಯ ಫಲವಾಗಿ ಸರ್ಕಾರ ಮಣಿಯಿತು. ವೈದ್ಯರಲ್ಲದ ತರಬೇತಾದ ಸದಸ್ಯರೂ ಬೆಟ್ಟದಲ್ಲಿ ಮಾರ್ಫಿನ್ ಕೊಡಬಹುದಾಯಿತು.

ಸಲಕರಣೆಯ ಕಥೆಯೂ ಹೀಗೆಯೇ. 1961ರಲ್ಲಿ ಗ್ಲೆನ್‌ಕೋ ಕಣಿವೆಯಲ್ಲಿ ರಕ್ಷಣಾ ತಂಡ ಕಟ್ಟಿದ ಮ್ಯಾಕಿನಸ್ ಮಡಚುವ ಹಗುರ ಸ್ಟ್ರೆಚರನ್ನು ತಾವೇ ರೂಪಿಸಿದರು. ಅವರು 2020ರಲ್ಲಿ ತೀರಿಕೊಂಡರು. ಅವರ ಹೆಸರಿನ ಸ್ಟ್ರೆಚರ್ ಲೋಕದ ಅನೇಕ ಬೆಟ್ಟಗಳಲ್ಲಿ ಬಳಕೆಯಾಗಿದೆ. ಸ್ಕಾಟ್ಲೆಂಡಿನಲ್ಲಿ ಈಗ ಇಪ್ಪತ್ತಕ್ಕೂ ಹೆಚ್ಚು ಸ್ವಯಂಸೇವಾ ತಂಡಗಳಿವೆ. ಸರ್ಕಾರದ ಒಂದಿಷ್ಟು ಅನುದಾನ, ಉಳಿದಂತೆ ಸಾರ್ವಜನಿಕರ ದೇಣಿಗೆ. ಅಂಗಡಿ, ಹೋಟೆಲುಗಳ ಗಲ್ಲದ ಮೇಲೆ ಇಟ್ಟ ಕಾಣಿಕೆ ಡಬ್ಬಿಗಳೂ ಇದರಲ್ಲಿ ಸೇರಿವೆ.

ಈ ಕೆಲಸದಲ್ಲಿ ರಕ್ಷಕರೂ ಸಾಯುತ್ತಾರೆ. 1987ರ ಫೆಬ್ರುವರಿಯಲ್ಲಿ ಬೆನ್ ಮೋರ್ ಬೆಟ್ಟದಲ್ಲಿ ನಡೆದ ಹೆಲಿಕಾಪ್ಟರ್ ಅಪಘಾತದಲ್ಲಿ ಕಿಲಿನ್ ತಂಡದ ನಾಯಕರೇ ಪ್ರಾಣ ಕಳೆದುಕೊಂಡರು. ಹಿಮಕುಸಿತದ ಭಯವಿರುವ ಇಳಿಜಾರಿನಡಿ ಇಪ್ಪತ್ತು ಜನರನ್ನು ಕಳಿಸಬೇಕೆ, ಬೆಳಗಿನವರೆಗೆ ಕಾಯಬೇಕೆ ಎಂದು ನಾಯಕ ಪ್ರತಿ ಸಲವೂ ತೀರ್ಮಾನಿಸಬೇಕು. ಮೇಲೆ ಒಬ್ಬನ ಮೈಕಾವು ಇಳಿಯುತ್ತಿದೆ, ಕೆಳಗೆ ಇಪ್ಪತ್ತು ಮನೆಗಳವರು ಕಾಯುತ್ತಿದ್ದಾರೆ. ಎರಡನ್ನೂ ತೂಗಿ, ಇಂದು ಬೇಡ ಎನ್ನಬಲ್ಲವನೇ ಒಳ್ಳೆಯ ನಾಯಕ.

ಬಿಲ್ ಏಕಿಲ್ಲ?

ಎಲ್ಲ ದೇಶಗಳೂ ಬ್ರಿಟನ್ನಿನ ದಾರಿ ಹಿಡಿದಿಲ್ಲ. ಆಸ್ಟ್ರಿಯಾದಲ್ಲಿ ಬೆಟ್ಟಕ್ಕೆ ಹೋಗುವವರು ಸ್ವಯಂಸೇವಕರೇ ಆದರೂ ವೆಚ್ಚವನ್ನು ರಕ್ಷಣೆ ಪಡೆದವರು ತೆರಬೇಕು. ಅದಕ್ಕಾಗಿ ಜನ ವಿಮೆ ಮಾಡಿಸುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ನಿರ್ಲಕ್ಷ್ಯ ತೋರಿದವರಿಂದ ಖರ್ಚು ವಸೂಲಿ ಮಾಡುವ ಕಾನೂನಿದೆ. ಸಾರ್ವಜನಿಕರ ಹಣ, ರಕ್ಷಕರ ಪ್ರಾಣ ಎರಡನ್ನೂ ಹಗುರವಾಗಿ ಬಳಸಬಾರದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ.

ಬ್ರಿಟನ್ನಿನ ತಂಡಗಳ ಉತ್ತರ ಬೇರೆ. ಹಣ ತೆರಬೇಕೆಂಬ ಹೆದರಿಕೆ ಇದ್ದವನು ಕರೆ ಮಾಡಲು ಹಿಂದೆಮುಂದೆ ನೋಡುತ್ತಾನೆ. ಇನ್ನೊಂದು ಗಂಟೆ ಕಾಯೋಣ, ದಾರಿ ಸಿಕ್ಕೀತು ಎನ್ನುತ್ತಾನೆ. ಅಷ್ಟರಲ್ಲಿ ಕತ್ತಲು ಕವಿಯುತ್ತದೆ, ನಡುಕ ನಿಲ್ಲುತ್ತದೆ. ಹಗಲಲ್ಲಿ ನಾಲ್ವರು ಹೋಗಿ ಕೈ ಹಿಡಿದು ಇಳಿಸಬಹುದಾಗಿದ್ದವನನ್ನು ರಾತ್ರಿ ಬಿರುಗಾಳಿಯಲ್ಲಿ ಇಪ್ಪತ್ತು ಜನ ಹುಡುಕಬೇಕಾಗುತ್ತದೆ. ಎಂದರೆ ತಡವಾದ ಕರೆ ರಕ್ಷಕರ ಅಪಾಯವನ್ನೂ ಹೆಚ್ಚಿಸುತ್ತದೆ. ಉಚಿತ ಸೇವೆ ಈ ಲೆಕ್ಕದಲ್ಲಿ ಔದಾರ್ಯಕ್ಕಿಂತ ಹೆಚ್ಚಾಗಿ ಒಂದು ಸಲಕರಣೆ, ಹಗ್ಗ ಸ್ಟ್ರೆಚರುಗಳ ಹಾಗೆ.

ಈ ನಿಲುವಿಗೆ ಕಠಿಣ ಪರೀಕ್ಷೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಕೋವಿಡ್ ನಿರ್ಬಂಧಗಳನ್ನು ಮೀರಿ ಇಂಗ್ಲೆಂಡಿನ ಸರೋವರ ಪ್ರಾಂತದ ಬೆಟ್ಟದಲ್ಲಿ ಡೇರೆ ಹಾಕಿದ್ದವರಲ್ಲಿ ಒಬ್ಬನಿಗೆ ರಾತ್ರಿ ಎದೆನೋವು ಬಂತು. ನೆರವಿಗೆ ಹತ್ತುತ್ತಿದ್ದ ಪ್ಯಾಟರ್‌ಡೇಲ್ ತಂಡದ ಸ್ವಯಂಸೇವಕರೊಬ್ಬರು ಸುಮಾರು 150 ಮೀಟರ್ ಉರುಳಿ ಬಿದ್ದು ತೀವ್ರವಾಗಿ ಗಾಯಗೊಂಡರು. ಡೇರೆ ಹಾಕಿದವರಿಗೆ ಪೊಲೀಸರು ದಂಡ ವಿಧಿಸಿದರು, ದೇಶಕ್ಕೆ ದೇಶವೇ ಸಿಟ್ಟಾಯಿತು. ಆದರೂ ರಕ್ಷಣೆ ಉಚಿತವೆಂಬ ನಿಯಮ ಬದಲಾಗಲಿಲ್ಲ. ತಪ್ಪು ಮಾಡಿದವನನ್ನು ಶಿಕ್ಷಿಸಲು ಕಾನೂನಿದೆ. ಎದೆನೋವೆಂದು ಕೂಗಿದವನ ಬಳಿ ಹೋಗುವುದು ಬೇರೆಯೇ ಕೆಲಸ ಎಂಬುದು ಆ ನಿಯಮದ ತಿರುಳು.

ಬಿಟ್ಟು ಹೋಗಬೇಕಾದ ಚೀಟಿ

ಕನ್ನಡಿಗರಿಗೆ ಇದು ದೂರದ ಮಾತಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ಚಾರಣಿಗರು ಮತ್ತು ಮಾರ್ಗದರ್ಶಿಗಳು ಸೇರಿ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ವಿಪತ್ತು ನಿರ್ವಹಣಾ ಪಡೆ ಮತ್ತು ವಾಯುಪಡೆಯ ನೆರವಿನಿಂದ 13 ಮಂದಿ ಬದುಕಿ ಬಂದರು. ಅದು ಚಳಿಗಾಲವಲ್ಲ, ಬೇಸಿಗೆಯ ತಿಂಗಳು. ನಾಲ್ಕು ಸಾವಿರ ಮೀಟರಿಗೂ ಮೇಲೆ ಪಂಚಾಂಗ ನಡೆಯುವುದಿಲ್ಲ. ಕೇರ್ನ್‌ಗಾರ್ಮಿನಲ್ಲಿ 1971ರಲ್ಲಿ ಆದದ್ದೇ ಅಲ್ಲಿಯೂ ಆಯಿತು: ಗಾಳಿ, ಹಿಮ, ಕಾಣದ ದಾರಿ, ನೆರವು ಬರುವವರೆಗಿನ ದೀರ್ಘ ಕಾಯುವಿಕೆ.

ಬೆಟ್ಟಕ್ಕೆ ಹೋಗುವುದನ್ನು ಜನ ನಿಲ್ಲಿಸುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ರಕ್ಷಣಾ ತಂಡಗಳು ಅವರಿಂದ ಬಯಸುವುದು ದೊಡ್ಡದೇನಲ್ಲ. ಹೊರಡುವ ಮುನ್ನ ಹೋಗುವ ದಾರಿ, ಜೊತೆಗಿರುವವರ ಹೆಸರು, ಮರಳುವ ಹೊತ್ತು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೋ ವಸತಿಗೃಹದವರ ಕೈಗೋ ಕೊಟ್ಟು ಹೋಗಬೇಕು. ಹೇಳಿದ ಹೊತ್ತಿಗೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ಅದರಲ್ಲೇ ಬರೆದಿರಬೇಕು. ನಾಯಿ, ಹಗ್ಗ, ಹೆಲಿಕಾಪ್ಟರ್ ಎಲ್ಲ ಆಮೇಲಿನವು. ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದನ್ನು ತಿಳಿಸುವುದು ಆ ಚೀಟಿಯೇ.